ಗುಂಬಜಿಲ್ಲದಿದ್ದರೆ ನಮಾಝ್ ಆಗುವುದಿಲ್ಲವೇ?

ನಮ್ಮೂರಿನ ಹಳೇ ಮಸೀದಿಯನ್ನು ಕೆಡವಿ ಹೊಸದು ಕಟ್ಟುವ ವಿಚಾರಕ್ಕೆ ಜಮಾಅತಿನ ಸಭೆ ಸೇರಿದ್ದ ರಾತ್ರಿ ನಾವೂ ಅಲ್ಲಿದ್ದೆವು. ಇಶಾ ನಮಾಝ್ ಮುಗಿದಿತ್ತು. ಮಿಂಬರಿನ ಪಕ್ಕದ ಗೋಡೆಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿದ ಹೊಸ ಮಸೀದಿಯ ಚಿತ್ರ. ನಡುವೆ ಹಸಿರು ಗುಂಬಜು, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಮೋಡವಿಲ್ಲದ ನೀಲಿ ಆಕಾಶ, ಮುಂದೆ ಸಾಲಾಗಿ ಖರ್ಜೂರದ ಮರಗಳು. ಆರು ತಿಂಗಳು ಮಳೆ ಬೀಳುವ, ಅಡಿಕೆ ಮತ್ತು ಹಲಸು ಬೆಳೆಯುವ ಊರು ನಮ್ಮದು. ಆ ಚಿತ್ರದಲ್ಲಿ ನಮ್ಮೂರಿನದು ಅನ್ನುವಂಥ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಕೆಡವಬೇಕಾಗಿದ್ದ ಮಸೀದಿ ಹೇಗಿತ್ತೆಂದು ಹೇಳಬೇಕು. ಮಂಗಳೂರು ಹೆಂಚಿನ ಮಾಡು. ಒಳಗೆ ಹಲಸಿನ ಮರದ ಹತ್ತು ಕಂಬಗಳು, ಬುಡದಲ್ಲಿ ಚೌಕ, ಮೇಲೆ ಎಂಟು ಮೂಲೆ. ಮೂರು ಕಡೆ ಜಗಲಿ. ಅಂಗಳದಲ್ಲಿ ಹೌಜು, ಅದರಲ್ಲಿ ಮೀನುಗಳು. ನಾವು ಮಕ್ಕಳಾಗಿದ್ದಾಗ ವುಝೂ ಮಾಡುವ ನೆಪದಲ್ಲಿ ಆ ಮೀನುಗಳನ್ನು ಹಿಡಿಯಲು ಹೋಗಿ ಮೌಜನ್ ಸಾಹೇಬರಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದೇವೆ. ಮೇ ತಿಂಗಳಲ್ಲೂ ಒಳಗೆ ಕಾಲಿಟ್ಟರೆ ತಂಪು. ಮಳೆಗಾಲದ ಮಗ್ರಿಬಿಗೆ ಹೆಂಚಿನ ಮೇಲೆ ನೀರು ಬೀಳುವ ಸದ್ದಿನಲ್ಲಿ ಇಮಾಮರ ಕಿರಾಅತ್ ಕೇಳಿಸುವುದೇ ಕಷ್ಟ. ಆದರೂ ಯಾರೂ ದೂರಿದವರಲ್ಲ.

ಸಭೆಯಲ್ಲಿ ಮಾತಾಡಲು ಅವಕಾಶ ಸಿಕ್ಕಾಗ ನಾವು ಮೊಬೈಲಿನಲ್ಲಿದ್ದ ಕೆಲವು ಫೋಟೋಗಳನ್ನು ಹಿರಿಯರ ಮುಂದೆ ಹಿಡಿದೆವು. ಢಾಕಾದ ಒಂದು ಮಸೀದಿಯ ಚಿತ್ರಗಳು. ಹಾಜಿ ಸಾಹೇಬರೊಬ್ಬರು ಕನ್ನಡಕ ಮೇಲೆತ್ತಿ ನೋಡಿದರು. "ಕ್ಯಾ ಮಿಯಾಂ, ಮಸ್ಜಿದ್ ಬೋಲ್ಕೋ ಗೋದಾಮ್ ದಿಖಾ ರೈಂ?" ಎಂದರು. ಮಸೀದಿ ಅಂತ ಹೇಳಿ ಗೋದಾಮು ತೋರಿಸುತ್ತಿದ್ದೀರಲ್ಲ ಎಂದು. ಎಲ್ಲರೂ ನಕ್ಕರು. ಫೋನು ನಮ್ಮ ಕೈಗೆ ವಾಪಸು ಬಂತು. ಚರ್ಚೆ ಚಂದಾದ ಕಡೆಗೆ ಹೋಯಿತು.

ಆ ರಾತ್ರಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ತೋರಿಸಿದ 'ಗೋದಾಮಿ'ನ ಹೆಸರು ಬೈತುರ್ ರವೂಫ್ ಮಸೀದಿ. ಢಾಕಾದ ಉತ್ತರ ತುದಿಯ ಫೈದಾಬಾದ್ ಎಂಬಲ್ಲಿದೆ. ಶ್ರೀಮಂತರ ಬಡಾವಣೆಯಲ್ಲ. ಇಕ್ಕಟ್ಟಾದ ರಸ್ತೆ, ಒತ್ತಿಕೊಂಡ ಮನೆಗಳು, ಮಳೆ ಬಂದರೆ ನೀರು ನಿಲ್ಲುವ ಜಾಗ. ಅಲ್ಲಿ ಸುಫಿಯಾ ಖಾತೂನ್ ಎಂಬ ಅಜ್ಜಿ, ತನ್ನವರನ್ನು ಕಳೆದುಕೊಂಡ ದುಃಖದಲ್ಲಿ, ತನ್ನ ಜಮೀನಿನ ಒಂದು ಭಾಗವನ್ನು ಮಸೀದಿಗೆಂದು ಬಿಟ್ಟುಕೊಟ್ಟರು. ಕಟ್ಟಿಸುವ ಹೊಣೆಯನ್ನು ಮೊಮ್ಮಗಳಿಗೆ ಒಪ್ಪಿಸಿದರು. ಮೊಮ್ಮಗಳ ಹೆಸರು ಮರೀನಾ ತಬಸ್ಸುಮ್, ವೃತ್ತಿಯಿಂದ ವಾಸ್ತುಶಿಲ್ಪಿ. ಕಟ್ಟಡ ಏಳುವ ಮುನ್ನವೇ ಅಜ್ಜಿ ತೀರಿಕೊಂಡರು. ಮೊಮ್ಮಗಳು ಮನೆ ಮನೆಯಿಂದ, ಪರಿಚಯದವರಿಂದ ಹಣ ಕೂಡಿಸಿ, ಹಣ ಬಂದಷ್ಟು ಕಟ್ಟಿಸುತ್ತಾ, 2012ರಲ್ಲಿ ಕೆಲಸ ಮುಗಿಸಿದರು. 2016ರಲ್ಲಿ ಆ ಮಸೀದಿಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಮುಸ್ಲಿಂ ಸಮಾಜಗಳ ನಡುವೆ ಏಳುವ ಕಟ್ಟಡಗಳಿಗೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಬೇರೆ ಇಲ್ಲ.

ಜಾಗ ಸುಮಾರು 750 ಚದರ ಮೀಟರು. ಗುಂಬಜಿಲ್ಲ. ಮಿನಾರಿಲ್ಲ. ಹೊರಗಿನಿಂದ ನೋಡಿದರೆ ಎತ್ತರದ ಜಗಲಿಯ ಮೇಲೆ ಕೂತ ಕೆಂಪು ಇಟ್ಟಿಗೆಯ ಒಂದು ಚೌಕ. ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಬಿಟ್ಟು ಕಟ್ಟಿದ ಜಾಲಿ. ಆ ಚೌಕದೊಳಗೆ ಒಂದು ವೃತ್ತ, ವೃತ್ತದೊಳಗೆ ಮತ್ತೊಂದು ಚೌಕ. ಜಾಗದ ದಿಕ್ಕಿಗೂ ಕಿಬ್ಲಾದ ದಿಕ್ಕಿಗೂ 13 ಡಿಗ್ರಿ ವ್ಯತ್ಯಾಸವಿತ್ತು. ನಮ್ಮಲ್ಲಾದರೆ ಏನು ಮಾಡುತ್ತೇವೆ? ಒಳಗಿನ ಕಾರ್ಪೆಟ್ಟನ್ನು ಓರೆ ಹಾಸಿ, ಸಫ್‌ಗಳನ್ನು ಓರೆ ನಿಲ್ಲಿಸಿ, ಮೂಲೆಯಲ್ಲಿ ತ್ರಿಕೋನ ಜಾಗ ಬಿಟ್ಟು ಸುಮ್ಮನಾಗುತ್ತೇವೆ. ಆಕೆ ಆ ತೊಡಕನ್ನೇ ಕಟ್ಟಡದ ಹುರುಳು ಮಾಡಿಕೊಂಡರು. ಹೊರಗಿನ ಚೌಕ ಬೀದಿಯ ಮಾತು ಕೇಳುತ್ತದೆ, ಒಳಗಿನ ಚೌಕ ಮಕ್ಕಾದ ಕಡೆ ತಿರುಗುತ್ತದೆ, ನಡುವಿನ ವೃತ್ತ ಈ ತಿರುವಿಗೆ ಎಡೆ ಮಾಡಿಕೊಡುತ್ತದೆ. ವೃತ್ತಕ್ಕೂ ಚೌಕಕ್ಕೂ ನಡುವೆ ಉಳಿದ ಕಡೆಗಳಲ್ಲಿ ಆಕಾಶಕ್ಕೆ ತೆರೆದ ಸಣ್ಣ ಅಂಗಳಗಳು. ಅಲ್ಲಿಂದ ಬೆಳಕೂ ಗಾಳಿಯೂ ಒಳಗಿಳಿಯುತ್ತವೆ. ಏಸಿಯಿಲ್ಲ.

ನಮಾಝಿನ ಹಾಲಿನ ನಡುವೆ ಕಂಬಗಳಿಲ್ಲ. ಎಂಟು ಕಂಬಗಳು ಅಂಚಿಗೆ ಸರಿದು ನಿಂತಿವೆ. ಚಾವಣಿಯಲ್ಲಿ ಅಲ್ಲಲ್ಲಿ ದುಂಡನೆಯ ರಂಧ್ರಗಳು. ಹಗಲಿಡೀ ನೆಲದ ಮೇಲೆ ಬೆಳಕಿನ ಬಿಲ್ಲೆಗಳು ಸರಿದಾಡುತ್ತಿರುತ್ತವೆ. ಕಿಬ್ಲಾದ ಗೋಡೆಯಲ್ಲಿ ಅಲಂಕಾರದ ಮಿಹ್ರಾಬಿಲ್ಲ, ಗೋಡೆಯನ್ನು ಉದ್ದಕ್ಕೆ ಸೀಳಿ ಬಿಟ್ಟ ಒಂದು ಕಿರುಗಂಡಿಯಿದೆ. ಅದರ ಹಿಂದಿನಿಂದ ಬೆಳಕು ಇಳಿಯುತ್ತದೆ, ಅಷ್ಟೇ. ನಾವು ಅಲ್ಲಿಗೆ ಹೋದವರಲ್ಲ, ಚಿತ್ರಗಳಲ್ಲಿ ನೋಡಿದವರು. ಒಂದು ಚಿತ್ರದಲ್ಲಿ ಮುದುಕರೊಬ್ಬರು ಕೂತು ಕುರ್‌ಆನ್ ಓದುತ್ತಿದ್ದಾರೆ, ಅವರ ಬೆನ್ನ ಮೇಲೆ ಬೆಳಕಿನ ಒಂದು ಬಿಲ್ಲೆ ಬಿದ್ದಿದೆ. ಅದನ್ನು ನೋಡಿದ ಮೇಲೆ ನಮ್ಮ ಮಸೀದಿಗಳ ಎಲ್‌ಇಡಿ ಪಟ್ಟಿಗಳು, ಹಸಿರು ಟ್ಯೂಬ್‌ಲೈಟುಗಳು, ಮದುವೆ ಹಾಲಿನಲ್ಲಿರುವಂಥ ಪಿಒಪಿ ಹೂಗಳು ಕಣ್ಣಿಗೆ ಚುಚ್ಚತೊಡಗಿದವು.

ಇಟ್ಟಿಗೆಯೇ ಏಕೆ? ಬಂಗಾಳ ನದಿ ತಂದು ಹಾಕಿದ ಮಣ್ಣಿನ ನಾಡು. ಅಲ್ಲಿ ಕಲ್ಲು ಸಿಗುವುದು ಅಪರೂಪ, ಜೇಡಿಮಣ್ಣು ಬೇಕಾದಷ್ಟಿದೆ. ಆರುನೂರು ವರ್ಷಗಳ ಹಿಂದೆ ಬಂಗಾಳದ ಸುಲ್ತಾನರೂ ಇಟ್ಟಿಗೆಯಲ್ಲೇ ಮಸೀದಿ ಕಟ್ಟಿದರು. ಮರೀನಾ ತಬಸ್ಸುಮ್ ಆ ಹಳೆಯ ಮಸೀದಿಗಳ ಹೊರ ಆಕಾರವನ್ನು ನಕಲು ಮಾಡಲಿಲ್ಲ. ಅವು ಮಣ್ಣು, ಬೆಳಕು, ಗಾಳಿಗಳನ್ನು ಬಳಸಿದ ಬಗೆಯನ್ನು ಕಲಿತರು. ಪರಂಪರೆಯನ್ನು ಮುಂದುವರಿಸುವುದಕ್ಕೂ ಪರಂಪರೆಯ ವೇಷ ಹಾಕುವುದಕ್ಕೂ ಇರುವ ಅಂತರ ಇದು.

ಈಗ ನಮ್ಮ ಗುಂಬಜುಗಳ ಕಡೆ ಬರೋಣ. ಹೆದ್ದಾರಿಯಲ್ಲಿ ಯಾವ ದಿಕ್ಕಿಗೆ ಬೇಕಾದರೂ ಹೊರಡಿ. ಬೀದರಿನಿಂದ ಭಟ್ಕಳದವರೆಗೆ, ಹೊಸದಾಗಿ ಎದ್ದ ಮಸೀದಿಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಫೈಬರಿನ ಗುಂಬಜುಗಳು ಈಗ ಸಿದ್ಧವಾಗಿಯೇ ಸಿಗುತ್ತವೆ. ಅಳತೆ ಕೊಟ್ಟರೆ ಲಾರಿಯಲ್ಲಿ ಬರುತ್ತದೆ, ಕ್ರೇನಿನಲ್ಲಿ ಎತ್ತಿ ಆರ್‌ಸಿಸಿ ಚಾವಣಿಯ ಮೇಲೆ ಕೂರಿಸುತ್ತಾರೆ, ನೀರಿನ ಟ್ಯಾಂಕು ಕೂರಿಸಿದ ಹಾಗೆ. ಒಳಗೆ ನಮಾಝಿಗೆ ನಿಂತವನಿಗೆ ಅದು ಕಾಣುವುದೇ ಇಲ್ಲ. ಅವನ ತಲೆಯ ಮೇಲಿರುವುದು ಫ್ಯಾನು ಗರಗರ ತಿರುಗುವ ಸಪಾಟು ಸಿಮೆಂಟು. ಹಾಗಾದರೆ ಅದನ್ನು ಕೂರಿಸಿದ್ದು ಯಾರಿಗಾಗಿ? ಅಲ್ಲಾಹನಿಗಂತೂ ಅಲ್ಲ. ನಮಾಝಿಗೆ ಬಂದವನಿಗೂ ಅಲ್ಲ. ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವನಿಗಾಗಿ.

ನಮಗೆ ಗುಂಬಜಿನ ಮೇಲೆ ಹಗೆಯಿಲ್ಲ. ವಿಜಯಪುರದ ಗೋಲಗುಮ್ಮಟದ ಕೆಳಗೆ ನಿಂತವರಿಗೆ ಗುಂಬಜು ಎಂದರೇನೆಂದು ಗೊತ್ತಾಗುತ್ತದೆ. 1656ರ ಹೊತ್ತಿಗೆ, ಸುಮಾರು 44 ಮೀಟರ್ ಅಗಲದ ಗುಂಬಜನ್ನು ನಡುವೆ ಒಂದೇ ಒಂದು ಕಂಬವಿಲ್ಲದೆ, ಒಂದನ್ನೊಂದು ಹಾದುಹೋಗುವ ಕಮಾನುಗಳ ಮೇಲೆ ನಿಲ್ಲಿಸಿದ ಜನ ನಮ್ಮ ನೆಲದವರು. ಆ ಗುಂಬಜಿಗೆ ಕೆಲಸವಿತ್ತು: ದೊಡ್ಡ ಜಾಗವನ್ನು ಕಂಬವಿಲ್ಲದೆ ಮುಚ್ಚುವುದು. ಕಲಬುರಗಿ ಕೋಟೆಯ ಜಾಮಿಯಾ ಮಸೀದಿ 1367ರದ್ದು. ಅದನ್ನು ಕಟ್ಟಿದವನು ಇರಾನಿನ ಕಜ್ವೀನ್ ಕಡೆಯ ರಫಿ. ಅವನು ವಾಡಿಕೆಯ ತೆರೆದ ಅಂಗಳವನ್ನೇ ಕೈಬಿಟ್ಟು ಇಡೀ ಮಸೀದಿಗೆ ಮಾಡು ಹಾಕಿದ. ಆ ಧೈರ್ಯವನ್ನು ನೋಡಿ. ಸಾವಿರಾರು ಮೈಲಿ ದೂರದಿಂದ ಬಂದವನು ಕೂಡ ಇಲ್ಲಿ ಇಲ್ಲಿಗೆ ತಕ್ಕಂತೆ ಯೋಚಿಸಿದ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಾವು ದೂರದ ದೇಶದ ಕ್ಯಾಲೆಂಡರ್ ನೋಡಿ ಕಟ್ಟುತ್ತಿದ್ದೇವೆ.

ಗುಂಬಜು, ಮಿನಾರು ದೀನಿನ ಭಾಗ ಎಂದು ನಂಬಿದವರಿಗೆ ಒಂದಷ್ಟು ಹಳೆಯ ಸಂಗತಿಗಳನ್ನು ನೆನಪಿಸಬೇಕು. ಪ್ರವಾದಿಯವರು (ಸ) ಮದೀನದಲ್ಲಿ ತಮ್ಮ ಕೈಯಾರೆ ಕಟ್ಟಿದ ಮಸೀದಿಗೆ ಖರ್ಜೂರದ ಬೊಡ್ಡೆಗಳೇ ಕಂಬ, ಖರ್ಜೂರದ ಗರಿಗಳೇ ಮಾಡು. ಮಳೆ ಬಂದಾಗ ಸೋರಿ, ಸಜ್ದಾ ಮಾಡಿದ ಅವರ ಹಣೆಗೆ ಕೆಸರು ಮೆತ್ತಿದ್ದ ಪ್ರಸಂಗ ಹದೀಸ್‌ನಲ್ಲಿ ಬರುತ್ತದೆ. ಮಿನಾರಿರಲಿಲ್ಲ. ಬಿಲಾಲರು ಪಕ್ಕದ ಮನೆಯೊಂದರ ಮಾಳಿಗೆ ಹತ್ತಿ ಅಝಾನ್ ಕೂಗುತ್ತಿದ್ದರು. ಮಿನಾರುಗಳು ಬಂದದ್ದು ಆಮೇಲೆ, ಉಮಯ್ಯಾ ಖಲೀಫರ ಕಾಲದಲ್ಲಿ. ಇನ್ನು ಗುಂಬಜು. ಉಸ್ಮಾನಿ ತುರ್ಕರ ಮಸೀದಿಗಳಿಗೆಲ್ಲ ಮಾದರಿಯಾದ ಇಸ್ತಾಂಬುಲಿನ ಹಾಗಿಯಾ ಸೋಫಿಯಾದ ಮಹಾಗುಂಬಜು ಏಳಿದ್ದು 537ರಲ್ಲಿ, ಚರ್ಚಾಗಿ. ಅಂದರೆ ಪ್ರವಾದಿಯವರು (ಸ) ಹುಟ್ಟುವುದಕ್ಕಿಂತ ಮೊದಲು. ನಮ್ಮವರು ಅದನ್ನು ಕಂಡರು, ಮೆಚ್ಚಿದರು, ಕಲಿತರು, ಬೆಳೆಸಿದರು. ಅದರಲ್ಲಿ ನಾಚಿಕೆಯೇನೂ ಇಲ್ಲ. ಬೇರೆಯವರಿಂದ ಕಲಿತು ತನ್ನದು ಮಾಡಿಕೊಳ್ಳುವುದು ಇಸ್ಲಾಮಿನ ನಾಗರಿಕತೆಯ ದೊಡ್ಡ ಗುಣ. ಮದೀನದ ಹಸಿರು ಗುಂಬಜೂ ಹಾಗೆಯೇ. ಗೋರಿಯ ಮೇಲೆ ಮೊದಲು ಗುಂಬಜು ಎದ್ದದ್ದು 13ನೇ ಶತಮಾನದಲ್ಲಿ, ಅದಕ್ಕೆ ಹಸಿರು ಬಣ್ಣ ಬಳಿದದ್ದು 1837ರಲ್ಲಿ. ನಮ್ಮ ಹಿರಿಯರು ಹಾಕಿಸುವ 'ಸುನ್ನತ್ತಿನ ಹಸಿರಿ'ಗೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ಅರಬರ ಹಾಗೆ ಇರಬೇಕು ಎನ್ನುವವರಿಗಾಗಿ ಇನ್ನೊಂದು ಮಾತು. ತುರ್ಕಿಯ ವಾಸ್ತುಶಿಲ್ಪಿ ವೇದತ್ ದಾಲೋಕಾಯ್ 1957ರಲ್ಲಿ ಅಂಕಾರಾದ ಕೋಜಾತೆಪೆ ಮಸೀದಿಗಾಗಿ ಹೊಸ ಬಗೆಯ ವಿನ್ಯಾಸ ಮಾಡಿ ಸ್ಪರ್ಧೆ ಗೆದ್ದರು. ಕೆಲಸ ಶುರುವಾಗಿತ್ತು. ಸಂಪ್ರದಾಯವಾದಿಗಳು ಗಲಾಟೆ ಎಬ್ಬಿಸಿದರು, ಹಾಕಿದ ಅಡಿಪಾಯವನ್ನೇ ಕಿತ್ತುಹಾಕಲಾಯಿತು. ಅಲ್ಲಿ ಹಳೇ ಉಸ್ಮಾನಿ ಮಾದರಿಯ ಮಸೀದಿ ಎದ್ದಿತು. ಅದೇ ದಾಲೋಕಾಯ್ ಆಮೇಲೆ ಇಸ್ಲಾಮಾಬಾದಿನ ಫೈಸಲ್ ಮಸೀದಿಯ ವಿನ್ಯಾಸ ಮಾಡಿದರು. ಮರಳುಗಾಡಿನ ಡೇರೆಯಂತಿರುವ ಆ ಮಸೀದಿಗೆ ಗುಂಬಜಿಲ್ಲ. ದುಡ್ಡು ಕೊಟ್ಟವರು ಯಾರು? ಸೌದಿ ಅರೇಬಿಯಾದವರು! ಸೌದಿಯ ದೊರೆಯ ಹೆಸರಿನ ಮಸೀದಿಗೇ ಬೇಡವಾದ ಗುಂಬಜು ನಮ್ಮ ತಾಲ್ಲೂಕಿನ ಮೊಹಲ್ಲಾ ಮಸೀದಿಗೆ ಬೇಕೇ ಬೇಕಂತೆ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿನ ವಿಚಾರ. ಚೆಂದ, ಚೆಂದವಲ್ಲ ಎಂಬ ಜಗಳವಷ್ಟೇ ಆಗಿದ್ದರೆ ನಾವು ಸಭೆಯ ನಗೆಯಲ್ಲಿ ನಮ್ಮದನ್ನೂ ಸೇರಿಸಿ ಮನೆಗೆ ಬರುತ್ತಿದ್ದೆವು. ಆದರೆ ವಿಚಾರ ಅಷ್ಟಕ್ಕೇ ನಿಲ್ಲುವುದಿಲ್ಲ.

2022ರ ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಹತ್ತಿರದ ಮಳಲಿಯಲ್ಲಿ ಮಸೀದಿಯೊಂದನ್ನು ನವೀಕರಿಸಲೆಂದು ಒಂದಷ್ಟು ಭಾಗ ಕೆಡವಿದರು. ಒಳಗಿದ್ದ ಹಳೆಯ ಮರದ ಕಟ್ಟಡ ಹೊರಗಿನವರ ಕಣ್ಣಿಗೆ ಬಿತ್ತು. ಇದು ದೇವಸ್ಥಾನ ಎಂಬ ಕೂಗು ಎದ್ದಿತು. ತಾಂಬೂಲ ಪ್ರಶ್ನೆ ನಡೆಯಿತು, ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಆ ವ್ಯಾಜ್ಯವನ್ನು ತೀರ್ಮಾನಿಸಬೇಕಾದ್ದು ಕೋರ್ಟು, ನಾವಲ್ಲ. ಆದರೆ ಆ ಕೂಗಿನ ಹಿಂದಿದ್ದ ತರ್ಕವನ್ನು ನೋಡಿ: ಮರದ ಕಂಬ, ಇಳಿಜಾರು ಮಾಡು, ಕೆತ್ತನೆ ಇದ್ದರೆ ಅದು ಮಸೀದಿಯಾಗಿರಲು ಸಾಧ್ಯವಿಲ್ಲ. ಮಸೀದಿ ಎಂದರೆ ಗುಂಬಜು ಇರಬೇಕು. ಈ ತರ್ಕವನ್ನು ಅವರಿಗೆ ಕಲಿಸಿದವರು ಯಾರು? ಮೂವತ್ತು ನಲವತ್ತು ವರ್ಷಗಳಿಂದ ನಮ್ಮ ಹಳೆಯ ಹೆಂಚಿನ ಮಸೀದಿಗಳನ್ನು ಒಂದೊಂದಾಗಿ ಕೆಡವಿ, ಪ್ರತಿಯೊಂದರ ಜಾಗದಲ್ಲೂ ಗುಂಬಜು ನಿಲ್ಲಿಸಿ, ನಾವೇ ಕಲಿಸಿದ್ದೇವೆ.

ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆಗೆ ಜಾತಿಧರ್ಮವಿಲ್ಲ. ಅದಕ್ಕೇ ಅಲ್ಲಿ ದೇವಸ್ಥಾನವಿರಲಿ, ಬಸದಿಯಿರಲಿ, ಗುತ್ತಿನ ಮನೆಯಿರಲಿ, ಮಸೀದಿಯಿರಲಿ, ಎಲ್ಲಕ್ಕೂ ಇಳಿಜಾರಿನ ಮಾಡು, ಮುಂದಕ್ಕೆ ಚಾಚಿದ ಸೂರು, ಮುರಕಲ್ಲಿನ ಗೋಡೆ, ಮರದ ಕಂಬ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡನ್ನೂ, ಕೋಝಿಕ್ಕೋಡಿನ ಮಿಶ್ಕಾಲ್ ಮಸೀದಿಯ ಮಾಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ಜೈನರದ್ದು, ಒಂದು ಅರಬ್ ಮೂಲದ ಹಡಗಿನ ವ್ಯಾಪಾರಿ ಕಟ್ಟಿಸಿದ್ದು. ಎರಡರಲ್ಲೂ ಮಾಡಿನ ಮೇಲೆ ಮಾಡು. ಮರಗೆಲಸದ ಆಚಾರಿ ತನಗೆ ಗೊತ್ತಿದ್ದ ಕಸುಬನ್ನು ಕರೆದವರ ಮನೆಯಲ್ಲೆಲ್ಲ ಮಾಡಿದ. ಅರಬ್ಬೀ ಸಮುದ್ರ ದಾಟಿ ಬಂದ ವ್ಯಾಪಾರಿಯೂ ನನಗೆ ನಮ್ಮೂರಿನ ಥರದ್ದೇ ಬೇಕು ಅನ್ನಲಿಲ್ಲ. ಮಿಶ್ಕಾಲ್ ಮಸೀದಿಗೆ 1510ರಲ್ಲಿ ಪೋರ್ಚುಗೀಸರು ಬೆಂಕಿ ಹಚ್ಚಿದರು. ಗುಂಬಜಿಲ್ಲ ಎಂಬ ಕಾರಣಕ್ಕೆ ಅದು ಮಸೀದಿ ಎಂದು ಅವರಿಗೇನೂ ಗುರುತು ಸಿಗದೆ ಹೋಗಲಿಲ್ಲ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿಯೊಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಶ್ರೀನಗರದಲ್ಲಿ ಝೇಲಂ ದಂಡೆಯ ಶಾ ಹಮ್‌ದಾನರ ಖಾನ್‌ಕಾ ಕೂಡ ಮರದ್ದೇ, ಅದಕ್ಕೂ ಗುಂಬಜಿಲ್ಲ.

ಈ ಕಟ್ಟಡಗಳು ನಮ್ಮ ದಾಖಲೆಗಳು. ನೀವು ಎಲ್ಲಿಂದ ಬಂದವರು ಎಂದು ಯಾರಾದರೂ ಕೇಳಿದರೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಅಜ್ಜನ ಕಾಲದ ಪಹಣಿಗಳನ್ನು ಹುಡುಕಿಕೊಂಡು ಓಡಾಡುತ್ತೇವೆ. ಹಲಸಿನ ಕಂಬವೊಂದು ಅದಕ್ಕಿಂತ ದೊಡ್ಡ ಸಾಕ್ಷಿ. ಇಲ್ಲಿನ ಕಾಡಿನ ಮರ, ಇಲ್ಲಿನ ಆಚಾರಿಯ ಉಳಿ, ಇಲ್ಲಿನ ಮಳೆಗೆ ತಕ್ಕ ಮಾಡು. ನಾವು ಈ ನೆಲದವರು ಎಂದು ಅದು ದಿನಕ್ಕೆ ಐದು ಸಲ ಹೇಳುತ್ತಿತ್ತು. ಅದನ್ನು ಜೆಸಿಬಿಯ ಬಾಯಿಗೆ ಕೊಟ್ಟು ಫೈಬರಿನ ಗುಂಬಜು ತಂದವರು, ನೀವು ಹೊರಗಿನವರು ಎಂದು ಕೂಗುವವನ ಕೈಗೆ ತಾವಾಗಿಯೇ ಸಾಕ್ಷಿ ಒದಗಿಸುತ್ತಾರೆ. 1992ರ ಡಿಸೆಂಬರ್ 6ರಂದು ನಾವು ಅತ್ತೆವು. ಇಂದಿಗೂ ಆ ಗಾಯ ಮಾಗಿಲ್ಲ. ಬೇರೆಯವರು ಕೆಡವಿದಾಗ ಎದೆ ಬಡಿದುಕೊಂಡ ನಾವು, ನಮ್ಮ ಕೈಯಾರೆ ಕೆಡವುವಾಗ ಬಿರಿಯಾನಿ ಹಂಚುತ್ತೇವೆ.

ಕೊಡುಂಗಲ್ಲೂರಿನ ಚೇರಮಾನ್ ಮಸೀದಿಯವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು, ತಡವಾಗಿಯಾದರೂ. ಭಾರತದ ಮೊದಲ ಮಸೀದಿ ಎಂಬ ನಂಬಿಕೆಯಿರುವ ಅದಕ್ಕೆ ಕಳೆದ ಶತಮಾನದಲ್ಲಿ ವಿಸ್ತರಣೆಯ ಹೆಸರಲ್ಲಿ ಕಾಂಕ್ರೀಟಿನ ಮುಖ, ಗುಂಬಜು, ಮಿನಾರುಗಳನ್ನು ಅಂಟಿಸಿದ್ದರು. ಮುಜಿರಿಸ್ ಪರಂಪರೆ ಯೋಜನೆಯಡಿ ಆ ಸೇರ್ಪಡೆಗಳನ್ನು ತೆಗೆದು, ಮಸೀದಿಗೆ ಹೆಂಚಿನ ಹಳೆಯ ರೂಪವನ್ನು ಮರಳಿ ಕೊಡುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೆಯಿತು. ಹಾಗಾದರೆ ಜುಮಾದ ಜನ ಎಲ್ಲಿ ನಿಲ್ಲಬೇಕು? ಅದಕ್ಕೆ ನೆಲದಡಿಯಲ್ಲಿ ಹಾಲು. ಹಣವಿರುವ ಕಡೆ ಹಾಗೂ ಮಾಡಬಹುದು.

ಹಣವಿಲ್ಲದ ಕಡೆ? ಅದಕ್ಕೂ ಉತ್ತರವಿದೆ, ಅದು ಆಫ್ರಿಕಾದಿಂದ ಬಂದಿದೆ. ನೈಜರ್ ಎಂಬ ದೇಶ ಜಗತ್ತಿನ ಕಡು ಬಡ ದೇಶಗಳಲ್ಲೊಂದು. ಅಲ್ಲಿನ ದಂಡಾಜಿ ಎಂಬ ಹಳ್ಳಿಯಲ್ಲಿ ಮಣ್ಣಿನ ಹಳೇ ಮಸೀದಿಯಿತ್ತು. ಜನ ಹೆಚ್ಚಾದರು, ಜಾಗ ಸಾಲದಾಯಿತು. ನಮ್ಮಂತೆಯೇ ಅವರೂ ಹಳೆಯದನ್ನು ಕೆಡವಿ ಹೊಸದು ಕಟ್ಟಲು ಹೊರಟರು. ಮರಿಯಮ್ ಕಮಾರಾ ಎಂಬ ಅದೇ ದೇಶದ ವಾಸ್ತುಶಿಲ್ಪಿ ಮತ್ತು ಯಾಸಮಾನ್ ಇಸ್ಮಾಯಿಲಿ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಹಳ್ಳಿಯವರ ಜೊತೆ ಕೂತು ಮಾತಾಡಿದರು. ಹಳೇ ಮಸೀದಿಯನ್ನು ಕೆಡವಲಿಲ್ಲ. ದುರಸ್ತಿ ಮಾಡಿ ಗ್ರಂಥಾಲಯವಾಗಿಸಿದರು. ಅದನ್ನು ಮೊದಲು ಕಟ್ಟಿದ್ದ ಗಾರೆಯವರನ್ನೇ ದುರಸ್ತಿಗೂ ಕರೆದರು. ಅದೇ ಆವರಣದಲ್ಲಿ, ಅಲ್ಲಿಯ ಮಣ್ಣನ್ನೇ ಒತ್ತಿ ಮಾಡಿದ ಇಟ್ಟಿಗೆಯಿಂದ ಹೊಸ ಮಸೀದಿ ಕಟ್ಟಿದರು. 2018ರಲ್ಲಿ ಕೆಲಸ ಮುಗಿಯಿತು. ಹೆಸರು ಹಿಕ್ಮಾ. ಬಗ್ದಾದಿನ ಬೈತುಲ್ ಹಿಕ್ಮಾದ ನೆನಪು. ಒಂದೇ ಅಂಗಳದ ಈ ಕಡೆ ನಮಾಝ್, ಆ ಕಡೆ ಪುಸ್ತಕ.

ಇದನ್ನು ಓದಿದ ದಿನ ನಮಗೆ ನಿದ್ದೆ ಬರಲಿಲ್ಲ. ನಮ್ಮೂರಿನ ಮೊಹಲ್ಲಾದಲ್ಲಿ ಓದಲು ಒಂದು ಮೇಜಿಲ್ಲ. ಎಸ್ಸೆಸ್ಸೆಲ್ಸಿಗೆ ಕೂತ ಹುಡುಗಿಯರು ಒಂದೇ ಕೋಣೆಯ ಮನೆಗಳಲ್ಲಿ, ಟೀವಿಯ ಸದ್ದಿನ ನಡುವೆ ಓದುತ್ತಾರೆ. ಹತ್ತು ಹಲಸಿನ ಕಂಬಗಳ ಆ ತಂಪಾದ ಹಾಲು ಅವರ ಓದುವ ಕೋಣೆಯಾಗಬಹುದಿತ್ತು. ಪಕ್ಕದ ಖಾಲಿ ಜಾಗದಲ್ಲಿ ಹೊಸ ಮಸೀದಿ ಎಷ್ಟು ದೊಡ್ಡದಾದರೂ ಏಳಬಹುದಿತ್ತು. ಜಾಗ ಜಮಾಅತಿನದ್ದೇ.

ಹುಡುಗಿಯರ ಮಾತು ಬಂದಿದ್ದಕ್ಕೆ ಹೇಳುತ್ತೇವೆ. ಢಾಕಾದ ಮಸೀದಿ ಕಟ್ಟಿದ್ದು ಹೆಂಗಸು. ದಂಡಾಜಿಯದ್ದು ಕಟ್ಟಿದ್ದು ಹೆಂಗಸರು. 2009ರಲ್ಲಿ ತೆರೆದ ಇಸ್ತಾಂಬುಲಿನ ಶಾಕಿರೀನ್ ಮಸೀದಿಯ ಒಳವಿನ್ಯಾಸ ಮಾಡಿದ್ದು ಝೈನೆಪ್ ಫಾದಿಲ್‌ಓಗ್ಲು ಎಂಬ ಹೆಂಗಸು. ನಮ್ಮಲ್ಲಿ ಹೆಂಗಸರು ಮಸೀದಿ ಕಟ್ಟುವುದಿರಲಿ, ಬಹುತೇಕ ಕಡೆ ಒಳಗೆ ಕಾಲಿಡುವಂತಿಲ್ಲ. ಮಸೀದಿಯಲ್ಲಿ ನಮಾಝ್ ಮಾಡಲು ಹೆಣ್ಣುಮಕ್ಕಳಿಗೆ ಅಡ್ಡಿಯಿಲ್ಲವೆಂದು ಮುಸ್ಲಿಂ ಪರ್ಸನಲ್ ಲಾ ಬೋರ್ಡೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿತು. ನಮ್ಮೂರಿನ ಫ್ಲೆಕ್ಸಿನಲ್ಲಿ ನಾಲ್ಕು ಮಿನಾರುಗಳಿದ್ದವು, ಹೆಂಗಸರಿಗೊಂದು ಬಾಗಿಲಿರಲಿಲ್ಲ. ನಾವು ಕೇಳಿದೆವು. ಬಜೆಟ್ ಸಾಲುವುದಿಲ್ಲ ಎಂದರು. ಒಂದು ಮಿನಾರು ಕಮ್ಮಿ ಮಾಡಿ ಎಂದೆವು. ಮೂರು ಮಿನಾರು ಚೆನ್ನಾಗಿ ಕಾಣುವುದಿಲ್ಲವಂತೆ. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೇ ಹದಿಮೂರು ಮದ್ರಸಗಳಿದ್ದುದನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಆ ಪರಂಪರೆಯ ನಕಲು ಮಾಡೋಣ ಎಂದು ಯಾವ ಕಮಿಟಿಯೂ ಹೇಳಿದ್ದನ್ನು ಕೇಳಿಲ್ಲ.

ನಮ್ಮ ಎದುರಾಳಿಗಳ ಮಾತನ್ನೂ ಕೇಳಬೇಕು. ಅದರಲ್ಲಿ ನೋವಿದೆ. ಸಭೆ ಮುಗಿದ ಮೇಲೆ ಅದೇ ಹಾಜಿ ಸಾಹೇಬರು ನಮ್ಮ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ನೋಡಿ, ನಮ್ಮನ್ನು ದಿನಾ ತುಳಿಯುತ್ತಾರೆ. ಅಂಗಡಿ ಹಾಕಬೇಡಿ ಅಂತಾರೆ, ಅಝಾನಿನ ಸದ್ದು ಕಮ್ಮಿ ಮಾಡಿ ಅಂತಾರೆ. ನಾವೂ ಇದ್ದೀವಿ ಅಂತ ತೋರಿಸೋಕೆ ನಮಗಿರೋದು ಅದೊಂದು ಗುಂಬಜು. ಅದನ್ನೂ ಬೇಡ ಅಂತೀರಾ?" ಈ ಮಾತಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಕೈ ನಡುಗುತ್ತಿತ್ತು. ಭಯಗೊಂಡ ಸಮುದಾಯ ಎತ್ತರದ್ದೇನನ್ನಾದರೂ ಕಟ್ಟಿ ನಿಟ್ಟುಸಿರು ಬಿಡುತ್ತದೆ. ಅದು ನಮಗೂ ಅರ್ಥವಾಗುತ್ತದೆ. ಆದರೆ ಹಾಜಿ ಸಾಹೇಬರೇ, ಇದ್ದೇವೆ ಎಂದು ತೋರಿಸಲು ಇನ್ನೊಬ್ಬರ ಮುಖವಾಡ ಹಾಕಿಕೊಂಡರೆ ಕಾಣುವುದು ಮುಖವಾಡ ಮಾತ್ರ, ನಾವಲ್ಲ. ಫೈದಾಬಾದಿನ ಮಸೀದಿಯ ಎತ್ತರದ ಜಗಲಿಯ ಮೇಲೆ ನಮಾಝಿಲ್ಲದ ಹೊತ್ತಲ್ಲಿ ಮಕ್ಕಳು ಆಡುತ್ತಾರೆ, ಮುದುಕರು ಹರಟುತ್ತಾರೆ. ಇದ್ದೇವೆ ಎಂದು ತೋರಿಸುವ ದಾರಿ ಅದೂ ಹೌದು. ನಮ್ಮ ಹಳೇ ಮಸೀದಿಯ ಜಗಲಿಯ ಮೇಲೂ ಮಳೆ ಬಂದರೆ ಸಂತೆಗೆ ಬಂದ ಹಳ್ಳಿಯವರು, ಯಾವ ಜಾತಿಯವರೆಂದು ಯಾರೂ ಕೇಳದೆ, ಬುಟ್ಟಿ ಇಳಿಸಿ ಕೂರುತ್ತಿದ್ದರು. ಹೊಸ ನಕ್ಷೆಯಲ್ಲಿ ಜಗಲಿಯ ಜಾಗದಲ್ಲಿ ಕಬ್ಬಿಣದ ಗೇಟು, ಸಿಸಿಟಿವಿ.

ಇನ್ನು ಸೋರುವ ಮಾಡಿನ ಮಾತು. ಸೋರುತ್ತಿತ್ತು, ಸುಳ್ಳಲ್ಲ. ಹೆಂಚು ಬದಲಿಸಬೇಕಿತ್ತು, ನಾಲ್ಕು ಪಕಾಸಿಗೆ ಗೆದ್ದಲು ಹಿಡಿದಿತ್ತು. ಅದರ ರಿಪೇರಿಗೆ ಬೇಕಾದದ್ದು ಒಂದು ಮಿನಾರಿನ ಖರ್ಚಿನ ಕಾಲು ಭಾಗವೂ ಅಲ್ಲ. ಆದರೆ ರಿಪೇರಿಗೆ ಚಂದಾ ಬರುವುದಿಲ್ಲ. ಕಟ್ಟುತ್ತೇವೆ ಎಂದರೆ ದುಬೈಯಿಂದ, ಜಿದ್ದಾದಿಂದ ಬರುತ್ತದೆ. ಗೋಡೆಯ ಮೇಲೆ ಗ್ರಾನೈಟಿನಲ್ಲಿ ಕೊಟ್ಟವರ ಹೆಸರೂ ಬರುತ್ತದೆ. ಮಸೀದಿಗಳ ವಿಷಯದಲ್ಲಿ ಒಬ್ಬರಿಗಿಂತ ಒಬ್ಬರು ಜಂಬ ಕೊಚ್ಚಿಕೊಳ್ಳುವ ಕಾಲದ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆಯಿದೆಯಲ್ಲ, ಅದನ್ನು ಮಿಂಬರಿನ ಮೇಲಿಂದ ಯಾವ ಮೌಲ್ವಿ ಸಾಹೇಬರೂ ಈಚೆಗೆ ಹೇಳಿದ್ದು ನೆನಪಿಲ್ಲ. ಮರೀನಾ ತಬಸ್ಸುಮ್ ಮಸೀದಿ ಕಟ್ಟಿ ಅಲ್ಲಿಗೇ ನಿಲ್ಲಲಿಲ್ಲ. ನದಿಯ ನಡುಗಡ್ಡೆಗಳಲ್ಲಿ ಪ್ರವಾಹಕ್ಕೆ ಮನೆ ಕಳೆದುಕೊಳ್ಳುವ ಬಡವರಿಗಾಗಿ, ಬಿದಿರು ಮತ್ತು ಉಕ್ಕಿನ ಕೀಲುಗಳಿಂದ ಜೋಡಿಸುವ, ನೀರು ಏರಿದರೆ ಬಿಚ್ಚಿಕೊಂಡು ಹೋಗಬಹುದಾದ 'ಖುದಿ ಬಾರಿ' ಎಂಬ ಪುಟ್ಟ ಮನೆ ಮಾಡಿದರು. 2025ರಲ್ಲಿ ಅದಕ್ಕೂ ಆಗಾ ಖಾನ್ ಪ್ರಶಸ್ತಿ ಬಂತು. ಗರಿಯ ಮಾಡಿನ ಕೆಳಗೆ ಸಜ್ದಾ ಮಾಡಿದವರ ದೀನು ಯಾವುದೆಂದು ಆಕೆಗೆ ಯಾವ ಕಮಿಟಿಗಿಂತಲೂ ಚೆನ್ನಾಗಿ ಗೊತ್ತಿದ್ದಂತಿದೆ.

ನಮ್ಮೂರಿನ ಮಸೀದಿ ಈಗಿಲ್ಲ. ಕಂಬಗಳನ್ನು ಹರಾಜು ಹಾಕಿದರು. ಹೋಂಸ್ಟೇ ಕಟ್ಟಿಸುತ್ತಿದ್ದವರೊಬ್ಬರು ಹತ್ತನ್ನೂ ಒಟ್ಟಿಗೆ ಕೊಂಡು ಲಾರಿಗೆ ಹಾಕಿಸಿಕೊಂಡು ಹೋದರು. ಅವರಿಗೆ ಅದರ ಬೆಲೆ ಗೊತ್ತಿತ್ತು. ಹೌಜಿನ ಮೀನುಗಳನ್ನು ಮಕ್ಕಳು ಬಕೆಟ್ಟಿನಲ್ಲಿ ಹಿಡಿದುಕೊಂಡು ಹೋದರು, ಈ ಸಲ ಯಾರೂ ಗುದ್ದಲಿಲ್ಲ.

ಓದುಗರಲ್ಲಿ ಕೇಳುವುದು ಇಷ್ಟೇ. ನಿಮ್ಮೂರಿನಲ್ಲಿ ಹೆಂಚಿನ ಮಸೀದಿ, ಕಲ್ಲಿನ ಮಸೀದಿ, ಮರದ ಕೆತ್ತನೆಯ ಹಳೇ ದರ್ಗಾ ಇದ್ದರೆ, ಮುಂದಿನ ಶುಕ್ರವಾರ ಹತ್ತು ನಿಮಿಷ ಮೊದಲೇ ಹೋಗಿ. ಒಳಗಿನಿಂದ, ಹೊರಗಿನಿಂದ, ಕಂಬದ ಬುಡದಿಂದ ಮಾಡಿನ ಮೂಲೆಯವರೆಗೆ ಫೋಟೋ ತೆಗೆಯಿರಿ. ಟೇಪು ಹಿಡಿದು ಉದ್ದಗಲ ಬರೆದುಕೊಳ್ಳಿ. ಅರಬ್ಬಿಯದೋ ಕನ್ನಡದ್ದೋ ಶಾಸನವಿದ್ದರೆ ಅದನ್ನೂ. ಯಾವ ಆಚಾರಿ ಕಟ್ಟಿದ್ದೆಂದು ಬಲ್ಲ ಮುದುಕರಿದ್ದರೆ ಅವರ ಮಾತನ್ನು ಫೋನಿನಲ್ಲಿ ಹಿಡಿದಿಡಿ. ಈ ಪತ್ರಿಕೆಗೆ ಕಳಿಸಿದರೆ ಅಚ್ಚು ಹಾಕುವಂತೆ ಸಂಪಾದಕರನ್ನು ನಾವು ಒಪ್ಪಿಸುತ್ತೇವೆ. ನಮ್ಮ ಹತ್ತಿರದ ಇನ್ನೊಂದು ಊರಿನಲ್ಲಿ ಈದ್ ಕಳೆದ ಮೇಲೆ ಸಭೆಯಿದೆಯಂತೆ, ಫ್ಲೆಕ್ಸಿಗೆ ಆಗಲೇ ಆರ್ಡರ್ ಕೊಟ್ಟಿದ್ದಾರಂತೆ. ಕರೆದರೆ ಹೋಗುತ್ತೇವೆ. ಕರೆಯದಿದ್ದರೂ ಹೋಗುತ್ತೇವೆ, ಢಾಕಾದ ಗೋದಾಮಿನ ಫೋಟೋಗಳನ್ನು ಈ ಸಲ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು.